ವ್ಯಾಲ್ಕೋ ಮಾಲ್ ಹಾಳಾಗಿದ್ದು ಯಾಕೆ? ಅಮೆಜಾನ್ ಒಂದನ್ನೇ ಬೈಯಬೇಡಿ

ಕ್ಯುಪರ್ಟಿನೋ_ಹಳಬ:

"ಅಮೆರಿಕದ ಮಾಲ್‌ಗಳನ್ನೆಲ್ಲ ಅಮೆಜಾನ್ ನುಂಗಿ ನೀರು ಕುಡಿಯಿತು" ಅಂತ ಹೋದ ವಾರ ಇಲ್ಲಿ ಯಾರೋ ಬರೆದಿದ್ದರು. ಅದಕ್ಕೆ ಲೈಕ್‌ಗಳೂ ಸಾಕಷ್ಟು ಬಿದ್ದಿವೆ. ನಮ್ಮೂರು ಕ್ಯುಪರ್ಟಿನೋದಲ್ಲಿದ್ದ, ಈಗ ಕೆಡವಿರುವ ವ್ಯಾಲ್ಕೋ ಮಾಲ್ ನೋಡಿದವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಅದಕ್ಕೇ ಈ ಹೊಸ ಚರ್ಚೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇರುವವರು, ಇದ್ದು ಊರಿಗೆ ವಾಪಸಾದವರು ನಿಮಗೆ ಗೊತ್ತಿರುವುದನ್ನೂ ಸೇರಿಸಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಕ್ಯುಪರ್ಟಿನೋ ಅಂದರೆ ಆಪಲ್ ಕಂಪನಿಯ ಊರು. 1955ರಲ್ಲಿ ಅದು ನಗರ ಆದಾಗ ಸುತ್ತಮುತ್ತ ಎಲ್ಲ ಹಣ್ಣಿನ ತೋಟ. ಪ್ರೂನ್, ಏಪ್ರಿಕಾಟ್, ಚೆರ್ರಿ. ಆ ತೋಟಗಳು ಒಂದೊಂದಾಗಿ ಕಂಪನಿ, ಮನೆ ಆಗುತ್ತಿದ್ದಾಗ ಕೆಲವು ಜಮೀನಿನವರು, ಬಿಲ್ಡರ್‌ಗಳು ಕೂಡಿಕೊಂಡು ದೊಡ್ಡ ಜಾಗ ಒಟ್ಟು ಮಾಡಿದರು. ವೇರಿಯನ್ ಅಸೋಸಿಯೇಟ್ಸ್, ಲೆನರ್ಡ್, ಲೆಸ್ಟರ್, ಕ್ರಾಫ್ಟ್, ಒರ್ಲಾಂಡೋ. ಇವರ ಹೆಸರಿನ ಇಂಗ್ಲಿಷ್ ಮೊದಲಕ್ಷರ ಜೋಡಿಸಿ ವ್ಯಾಲ್ಕೋ ಅಂದರು.

1976ರಲ್ಲಿ ಅಲ್ಲಿ ವ್ಯಾಲ್ಕೋ ಫ್ಯಾಷನ್ ಪಾರ್ಕ್ ಶುರುವಾಯಿತು. ಎರಡು ಅಂತಸ್ತು, ಪೂರ್ತಿ ಮುಚ್ಚಿದ ಎಸಿ ಮಾಲ್. ಒಂದು ಕಡೆ ಸಿಯರ್ಸ್, ಇನ್ನೊಂದು ಕಡೆ ಎಂಪೋರಿಯಂ, ಎರಡೂ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳು. ಎಂಪೋರಿಯಂ 1996ರಲ್ಲಿ ಮೇಸೀಸ್ ಆಯಿತು. ವುಲ್ಫ್ ರೋಡ್ ಮಾಲ್‌ನ ನಡುವೆಯೇ ಹಾದುಹೋಗುತ್ತಿತ್ತು. ಹಾಗಾಗಿ ರಸ್ತೆಯ ಮೇಲೆ ಒಂದು ಸೇತುವೆ ಕಟ್ಟಿ, ಅದರೊಳಗೂ ಅಂಗಡಿ ಇಟ್ಟಿದ್ದರು. ಕೆಳಗೆ ಕಾರು, ಮೇಲೆ ಬಟ್ಟೆ ಅಂಗಡಿ. ಒಳಗೆ ಐಸ್ ಸ್ಕೇಟಿಂಗ್ ರಿಂಕ್ ಬೇರೆ. ಎಪ್ಪತ್ತರ ದಶಕಕ್ಕೆ ಇದು ದೊಡ್ಡ ವಿಷಯವೇ.

ನಾನು ತೊಂಬತ್ತರ ದಶಕದ ನಡುವೆ ಇಲ್ಲಿಗೆ ಬಂದೆ. ಆಗಲೇ ಮಾಲ್‌ನಲ್ಲಿ ಶಟರ್ ಎಳೆದ ಅಂಗಡಿಗಳಿದ್ದವು. ಆಗ ಅಮೆಜಾನ್ ಪುಸ್ತಕ ಮಾರುತ್ತಿದ್ದ ಪುಟ್ಟ ಕಂಪನಿ. ಹಾಗಾದರೆ ಆ ಶಟರ್ ಎಳೆದವರು ಯಾರು?

ಮಲ್ಲೇಶ್ವರಂ_8ನೇ_ಕ್ರಾಸ್:

ಆ ಲೈಕ್ ಬಿದ್ದ ಕಾಮೆಂಟ್ ನನ್ನದೇ ಸಾರ್ :) ಒಂದು ಮಾಲ್ ಮೊದಲೇ ಸೊರಗಿತ್ತು ಅಂದಮಾತ್ರಕ್ಕೆ ಅಮೆಜಾನ್ ನಿರಪರಾಧಿ ಆಗುತ್ತಾ? ಸಿಯರ್ಸ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು, ಅಂಥದ್ದೇ ಇನ್ನೊಂದು ಅಂಗಡಿ ಜೆಸಿಪೆನ್ನಿ 2020ರಲ್ಲಿ. ಇವೆಲ್ಲ ಸುಮ್ನೆ ಆಯ್ತಾ?

ಲೆಕ್ಕದ_ಮೇಷ್ಟ್ರು:

ಸುಮ್ನೆ ಆಗಲಿಲ್ಲ. ಆದರೆ ಇಸವಿ ಸ್ವಲ್ಪ ನೋಡಿ. 2010ರಲ್ಲಿ ಅಮೆರಿಕದ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಶೇ. 5ಕ್ಕಿಂತ ಕಡಿಮೆ. ಅದಕ್ಕೂ ಮೊದಲೇ, 2007ರಲ್ಲಿ, ಆ ದೇಶದಲ್ಲಿ ಒಂದೇ ಒಂದು ಹೊಸ ಮುಚ್ಚಿದ ಮಾಲ್ ತೆರೆಯಲಿಲ್ಲ. ಐವತ್ತರ ದಶಕದಿಂದ ಹಾಗೆ ಆಗಿದ್ದು ಅದೇ ಮೊದಲು.

ಕಾರಣ ಹಳೇದು. ಮೊದಲ ಪೂರ್ತಿ ಮುಚ್ಚಿದ ಉಪನಗರ ಮಾಲ್ ಸೌತ್‌ಡೇಲ್. 1956, ಮಿನೆಸೋಟಾದ ಈಡೈನಾ. ಮಾಡಿದವನು ವಿಕ್ಟರ್ ಗ್ರೂಯೆನ್, ವಿಯೆನ್ನಾದಿಂದ ಬಂದ ಆರ್ಕಿಟೆಕ್ಟ್. ಮಾಲ್ ಸುತ್ತ ಮನೆ, ಶಾಲೆ, ಆಸ್ಪತ್ರೆ ಎಲ್ಲ ಬಂದು ಒಂದು ಊರೇ ಆಗಬೇಕು ಅನ್ನುವುದು ಅವನ ಆಸೆ. ಬಂದಿದ್ದು ಪಾರ್ಕಿಂಗ್ ಲಾಟ್. ಕೊನೆಗಾಲದಲ್ಲಿ ಅವನೇ ಈ ಮಾಲ್‌ಗಳಿಗೂ ನನಗೂ ಸಂಬಂಧ ಇಲ್ಲ ಅಂದುಬಿಟ್ಟ.

ಇನ್ನೊಂದು, 1954ರಲ್ಲಿ ಅಮೆರಿಕದ ತೆರಿಗೆ ಕಾನೂನು ಬದಲಾಯಿತು. ಹೊಸ ಕಟ್ಟಡದ ಸವಕಳಿಯನ್ನು, ಅಂದರೆ ಹಳೆಯದಾದಂತೆ ಇಳಿಯುವ ಬೆಲೆಯನ್ನು, ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ ತೋರಿಸಬಹುದು ಅಂತ. ಕಟ್ಟಡದಿಂದ ಕೈಗೆ ದುಡ್ಡು ಬರುತ್ತಿದ್ದರೂ ಲೆಕ್ಕದ ಪುಸ್ತಕದಲ್ಲಿ ನಷ್ಟ ತೋರಿಸಿ ತೆರಿಗೆ ಉಳಿಸಬಹುದು. ಗಿರಾಕಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕಿಂತ ಕಟ್ಟುವುದರಲ್ಲೇ ಲಾಭ ಕಂಡವರು ಬಹಳ. ಹಾಗೆ ಅಗತ್ಯಕ್ಕಿಂತ ಹೆಚ್ಚು ಮಾಲ್ ಎದ್ದವು. ಹೆಚ್ಚಾದ ಮೇಲೆ ಒಂದು ಇನ್ನೊಂದನ್ನು ತಿನ್ನಲೇಬೇಕು. ಅಮೆಜಾನ್ ಬಂದು ಮಾಡಿದ್ದು ಉಳಿದ ಕೆಲಸ.

ಕ್ಯುಪರ್ಟಿನೋ_ಹಳಬ:

ಮೇಷ್ಟ್ರೇ, ವ್ಯಾಲ್ಕೋವನ್ನು ತಿಂದಿದ್ದು ವ್ಯಾಲಿ ಫೇರ್. ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲೇ ಪೂರ್ವಕ್ಕೆ ಹೋದರೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ಅದು 1956ರಿಂದಲೂ ಇದ್ದ ಬಯಲು ಶಾಪಿಂಗ್ ಸೆಂಟರ್. 1986ರಲ್ಲಿ ಪಕ್ಕದ ಪ್ಲಾಜಾ ಜೊತೆ ಸೇರಿಸಿ ಹೊಸ ಮುಚ್ಚಿದ ಮಾಲ್ ಮಾಡಿದರು. ನಾರ್ಡ್‌ಸ್ಟ್ರಾಮ್ ಅನ್ನುವ ದುಬಾರಿ ಅಂಗಡಿ ಅಲ್ಲಿಗೆ ಹೋಯಿತು. ದುಬಾರಿ ಬ್ರ್ಯಾಂಡ್‌ಗಳೆಲ್ಲ ಅದರ ಹಿಂದೆ ಹೋದವು. 2002ರಲ್ಲಿ ಅದರ ಎದುರಿಗೇ ಸಂಟಾನಾ ರೋ ಬಂತು. ಅಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ, ಬೀದಿಯಲ್ಲಿ ಕುರ್ಚಿ ಹಾಕಿ ಊಟ. ವ್ಯಾಲ್ಕೋಗೆ ಎರಡೂ ಕಡೆಯಿಂದ ಏಟು.

ಆಮೇಲೆ ಹೆಸರು ಬದಲಾಯಿಸುವ ಆಟ ಶುರು. ಕ್ಯುಪರ್ಟಿನೋ ಸ್ಕ್ವೇರ್ ಅಂತ ಹೊಸ ಬೋರ್ಡ್ ಹಾಕಿದರು. ಊರಲ್ಲಿ ಒಬ್ಬರೂ ಆ ಹೆಸರು ಹೇಳಲಿಲ್ಲ. 2007ರಲ್ಲಿ 16 ಪರದೆಯ ಎಎಂಸಿ ಥಿಯೇಟರ್ ತಂದರು. ಮರುವರ್ಷವೇ ಮಾಲ್ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ಹೊಸ ಮಾಲೀಕರು ಬಂದರು, ಹೆಸರು ಮತ್ತೆ ವ್ಯಾಲ್ಕೋ ಆಯಿತು.

ಇಲ್ಲೇ_ಹುಟ್ಟಿದವಳು:

ಅಂಕಲ್, ನೀವೆಲ್ಲ ಅದನ್ನು ಹಾಳು ಮಾಲ್ ಅಂತೀರಿ. ನಮ್ಮ ಬ್ಯಾಚಿನವರಿಗೆ ಅದು ತುಂಬಾ ಒಳ್ಳೆ ಜಾಗ! ಅಂಗಡಿ ಇರಲಿಲ್ಲ, ಹೌದು. ಜನವೂ ಇರಲಿಲ್ಲ. ಆದರೆ ಯಾರೂ ಎದ್ದು ಹೋಗಿ ಅಂತ ಓಡಿಸುತ್ತಿರಲಿಲ್ಲ. ಶಾಲೆ ಮುಗಿಸಿ ಐಸ್ ರಿಂಕ್, ಆಮೇಲೆ ಸಿನಿಮಾ. ಬೆಳಿಗ್ಗೆ ಹೋದರೆ ಚೈನೀಸ್ ಅಜ್ಜಿ ತಾತಂದಿರು ಒಳಗೆ ವಾಕಿಂಗ್ ಮಾಡುತ್ತಿದ್ದರು. ಊರಿಂದ ಬಂದಿದ್ದ ನಮ್ಮ ತಾತನೂ ಅವರ ಜೊತೆ ಸೇರಿಕೊಂಡಿದ್ದರು. ಭಾಷೆ ಬರದೆ ಕೈಸನ್ನೆಯಲ್ಲೇ ಗೆಳೆತನ.

ಇನ್ನೊಂದು, ನನಗೆ ಅಪ್ಪ ಡ್ರೈವಿಂಗ್ ಕಲಿಸಿದ್ದು ಸಿಯರ್ಸ್ ಹಿಂದಿನ ಪಾರ್ಕಿಂಗ್ ಲಾಟ್‌ನಲ್ಲಿ. ನನ್ನ ಫ್ರೆಂಡ್ಸ್ ಅರ್ಧ ಜನ ಅಲ್ಲೇ ಕಲಿತದ್ದು. ಗುದ್ದುವುದಕ್ಕೆ ಒಂದು ಕಾರೂ ಇರುತ್ತಿರಲಿಲ್ಲ ನೋಡಿ.

ಸನ್ನಿವೇಲ್_ಸೊಸೆ:

ಡೈನಾಸ್ಟಿ ಅಂತ ಡಿಮ್ ಸಮ್ (ಚೈನೀಸ್ ತಿಂಡಿ) ಹೋಟೆಲ್ ಇತ್ತಲ್ಲ, ಅದು ಮಾತ್ರ ಭಾನುವಾರ ಕಿಕ್ಕಿರಿದಿರುತ್ತಿತ್ತು. ಮಾಲ್ ಒಳಗೆ ಕಾಲಿಡದೆ ನೇರ ಅಲ್ಲಿಗೇ ಹೋಗಿ ತಿಂದು ಬರುತ್ತಿದ್ದರು. ನಮ್ಮಂಥ ಪುಳಿಚಾರಿನವರಿಗೆ ಅಲ್ಲಿ ಹೆಚ್ಚೇನೂ ಸಿಗುತ್ತಿರಲಿಲ್ಲ ಬಿಡಿ.

ನನಗೆ ಆಗಲೇ ಒಂದು ವಿಚಿತ್ರ ಅನಿಸುತ್ತಿತ್ತು. ಹೈವೇ 280ರ ಆ ಕಡೆ, ವುಲ್ಫ್ ಮತ್ತು ಹೋಮ್‌ಸ್ಟೆಡ್ ಮೂಲೆಯಲ್ಲಿ ಕ್ಯುಪರ್ಟಿನೋ ವಿಲೇಜ್ ಇದೆ. ಚೈನೀಸ್ ದಿನಸಿ ಅಂಗಡಿ, ಬೇಕರಿ, ಬೋಬಾ ಟೀ. ಕಟ್ಟಡ ನೋಡಿದರೆ ಏನೂ ಇಲ್ಲ, ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ. ಪಕ್ಕದ ಊರು ಸನ್ನಿವೇಲ್‌ನಲ್ಲಿ ಎಲ್ ಕಮೀನೋ ರಸ್ತೆ ಉದ್ದಕ್ಕೂ ನಮ್ಮವರ ದಿನಸಿ, ದೋಸೆ ಹೋಟೆಲ್, ಚಾಟ್. ಅವೂ ಹಾಗೆಯೇ, ಹಳೇ ಸ್ಟ್ರಿಪ್ ಮಾಲ್‌ಗಳು, ಅಂದರೆ ರಸ್ತೆ ಬದಿಯ ಅಂಗಡಿ ಸಾಲುಗಳು. ಕ್ಯುಪರ್ಟಿನೋದಲ್ಲಿ 2010ರ ಜನಗಣತಿ ಹೊತ್ತಿಗೇ ಅರ್ಧಕ್ಕಿಂತ ಹೆಚ್ಚು ಜನ ಏಷ್ಯಾ ಮೂಲದವರು. ಊರಿನ ಜನ ಬದಲಾದರು, ಮಾಲ್ ಮಾತ್ರ ಎಪ್ಪತ್ತಾರರ ಗಿರಾಕಿಗೇ ಕಾಯುತ್ತಾ ಕೂತಿತು.

ಹುಬ್ಬಳ್ಳಿ_ಹುಡುಗಿ:

ಅಕ್ಕ, ಹಂಗಾದ್ರ ಮಾಲ್‌ನವರು ಅದನ್ನ ನೋಡಿ ಒಂದು ದೊಡ್ಡ ಇಂಡಿಯನ್, ಚೈನೀಸ್ ಸೂಪರ್ ಮಾರ್ಕೆಟ್ ತರಬೇಕಿತ್ತಲ್ಲ? ಯಾಕ ತರಲಿಲ್ಲ? ಅಷ್ಟೂ ತಿಳೀಲಿಲ್ಲೇನು ಅವರಿಗೆ?

ಲೆಕ್ಕದ_ಮೇಷ್ಟ್ರು:

ತಂಗೀ, ಒಳ್ಳೆ ಪ್ರಶ್ನೆ ಕೇಳಿದೆ. ನನಗೆ ಈ ಇಡೀ ಕಥೆಯಲ್ಲಿ ಮುಖ್ಯ ಅನಿಸುವುದು ಇದೇ.

ವ್ಯಾಲ್ಕೋ ಹೊರಗಿನಿಂದ ಒಂದೇ ಕಟ್ಟಡ. ಕಾಗದದ ಮೇಲೆ ಹಲವು. ಮೇಸೀಸ್ ಭಾಗ ಬೇರೆ, ಸಿಯರ್ಸ್ ಭಾಗ ಬೇರೆ, ಜೆಸಿಪೆನ್ನಿ ಭಾಗ ಬೇರೆ, ನಡುವಿನ ಅಂಗಡಿಗಳ ಸಾಲು ಬೇರೆ. ಒಂದೊಂದೂ ಒಬ್ಬೊಬ್ಬರ ಕೈಯಲ್ಲಿ. ಅಮೆರಿಕದ ಹಳೇ ಮಾಲ್‌ಗಳಲ್ಲಿ ಇದು ಮಾಮೂಲು. ದೊಡ್ಡ ಅಂಗಡಿ ಬಂದರೆ ತಾನೇ ಜನ ಬರುವುದು? ಅದಕ್ಕೇ ಅವರಿಗೆ ಜಾಗವನ್ನು ಸ್ವಂತಕ್ಕೇ ಕೊಡುತ್ತಿದ್ದರು. ಜೊತೆಗೆ ಒಪ್ಪಂದ: ಪಾರ್ಕಿಂಗ್ ಬದಲಾಯಿಸಬೇಕಾದರೆ, ಹೊಸ ಕಟ್ಟಡ ಎಬ್ಬಿಸಬೇಕಾದರೆ, ನಮ್ಮನ್ನು ಕೇಳಬೇಕು. ಹೀಗಾಗಿ ನಡುವಿನವನು ಏನೇ ಮಾಡಹೊರಟರೂ ಯಾರೋ ಒಬ್ಬರು ಬೇಡ ಅನ್ನಬಹುದು. ಹತ್ತು ಪಾಲುದಾರರ ಹಳೇ ಮನೆಗೆ ಸುಣ್ಣ ಹೊಡೆಸಿದ ಹಾಗೆ.

ಇನ್ನು ಸಣ್ಣ ಅಂಗಡಿಯವರ ಬಾಡಿಗೆ ಪತ್ರ. ಅದರಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ದೊಡ್ಡ ಅಂಗಡಿ ಮುಚ್ಚಿದರೆ ನಾವು ಕಡಿಮೆ ಬಾಡಿಗೆ ಕೊಡುತ್ತೇವೆ, ಇಲ್ಲಾ ಬಿಟ್ಟು ಹೋಗುತ್ತೇವೆ. ಒಂದು ಹೋದರೆ ಅದರ ಹಿಂದೆ ಹತ್ತು. ಬಾಡಿಗೆ ಕಡಿಮೆ ಆದ ಮೇಲೆ ರಿಪೇರಿಗೆ ದುಡ್ಡಿಲ್ಲ. ರಿಪೇರಿ ಇಲ್ಲದಿದ್ದರೆ ಉಳಿದವರೂ ಇಲ್ಲ.

ಇದನ್ನೆಲ್ಲ ಒಂದೇ ಕೈಗೆ ತಂದವರು ಸ್ಯಾಂಡ್ ಹಿಲ್ ಪ್ರಾಪರ್ಟಿ ಅನ್ನುವ ಬಿಲ್ಡರ್. 2014ರಲ್ಲಿ ಒಂದೊಂದೇ ಭಾಗ ಕೊಂಡು ಸುಮಾರು 50 ಎಕರೆ ಕೂಡಿಸಿದರು. ಅಷ್ಟರಲ್ಲಿ ಮಾಲ್ ಉಳಿಸುವ ಯೋಚನೆ ಯಾರಿಗೂ ಇರಲಿಲ್ಲ. 2015ರಲ್ಲಿ ಮೇಸೀಸ್ ಮತ್ತು ಸಿಯರ್ಸ್, 2016ರಲ್ಲಿ ಜೆಸಿಪೆನ್ನಿ ಬಾಗಿಲು ಹಾಕಿದವು.

ಮಲ್ಲೇಶ್ವರಂ_8ನೇ_ಕ್ರಾಸ್:

ಮೇಷ್ಟ್ರೇ ಇದು ನಮ್ಮ ಬೆಂಗಳೂರಿನ ಕಥೆ! ಇಲ್ಲೂ ಇದೇ ಆಗಿದೆ.

ನಮ್ಮ ಚಿಕ್ಕಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಒಂದು ಮಾಲ್‌ನಲ್ಲಿ ಅಂಗಡಿ ಕೊಂಡರು. ಯಾವ ಮಾಲ್ ಅಂತ ಹೇಳಲ್ಲ. ಬಿಲ್ಡರ್ ಒಂದೊಂದು ಅಂಗಡಿಯನ್ನೂ ಒಬ್ಬೊಬ್ಬರಿಗೆ ಮಾರಿ ಕೈತೊಳೆದುಕೊಂಡ. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಮೊಬೈಲ್ ಕವರ್ ಅಂಗಡಿ ಪಕ್ಕ ಮೊಬೈಲ್ ಕವರ್ ಅಂಗಡಿ. ಯಾರಿಗೆ ಯಾರು ಜಾಸ್ತಿ ಬಾಡಿಗೆ ಕೊಟ್ಟರೋ ಅವರಿಗೆ ಕೊಟ್ಟರು. ಎಸ್ಕಲೇಟರ್ ಕೆಟ್ಟರೆ ಯಾರು ಮಾಡಿಸಬೇಕು ಅಂತ ಜಗಳ. ಮೇಂಟೆನೆನ್ಸ್ ಕಟ್ಟದವರು ಅರ್ಧ ಜನ. ಮೇಲಿನ ಮಹಡಿಗೆ ಲೈಟೇ ಹಾಕಲ್ಲ ಈಗ. ಮಾರೋಣ ಅಂದ್ರೆ ಕೊಳ್ಳುವವರಿಲ್ಲ.

ಅದೇ ಫೋರಂ ನೋಡಿ. 2004ರಲ್ಲಿ ಕೋರಮಂಗಲದಲ್ಲಿ ಶುರುವಾಯ್ತು. 11 ಪರದೆಯ ಪಿವಿಆರ್ ನೋಡೋಕೆ ನಾವು ಮಲ್ಲೇಶ್ವರದಿಂದ ಬಸ್ಸಲ್ಲಿ ಹೋಗ್ತಿದ್ವಿ. ಇವತ್ತಿಗೂ ನಡೀತಿದೆ. ಈಗ ಹೆಸರು ನೆಕ್ಸಸ್. 2023ರಲ್ಲಿ ಶೇರು ಮಾರುಕಟ್ಟೆಗೆ ಬಂದ ಮಾಲ್‌ಗಳ ಟ್ರಸ್ಟ್ ಇದೆಯಲ್ಲ, ಆಗ 17 ಮಾಲ್ ಇದ್ದದ್ದು, ಅದರಲ್ಲಿ ಇದೂ ಒಂದು. ಯಾವ ಅಂಗಡಿ ಎಲ್ಲಿರಬೇಕು ಅಂತ ಒಂದೇ ಆಫೀಸು ನೋಡಿಕೊಳ್ಳುತ್ತೆ.

ಲೆಕ್ಕದ_ಮೇಷ್ಟ್ರು:

ನಿಮ್ಮ ಚಿಕ್ಕಪ್ಪ ಒಬ್ಬರೇ ಅಲ್ಲ. ನೈಟ್ ಫ್ರ್ಯಾಂಕ್ ಅನ್ನುವ ರಿಯಲ್ ಎಸ್ಟೇಟ್ ಸಲಹಾ ಕಂಪನಿ 2024ರಲ್ಲಿ ಒಂದು ವರದಿ ತಂದಿತ್ತು. ಶೇ. 40ಕ್ಕಿಂತ ಹೆಚ್ಚು ಜಾಗ ಖಾಲಿ ಇರುವ ಮಾಲ್‌ಗಳನ್ನು ಅವರು ಭೂತ ಮಾಲ್ ಅನ್ನುತ್ತಾರೆ. ದೇಶದ 8 ದೊಡ್ಡ ನಗರಗಳಲ್ಲಿ ಅಂಥವು 2022ರಲ್ಲಿ 57 ಇದ್ದವು, 2023ರಲ್ಲಿ 64 ಆದವು. ಖಾಲಿ ಬಿದ್ದವುಗಳಲ್ಲಿ ಸಣ್ಣ ಮಾಲ್‌ಗಳೇ ಜಾಸ್ತಿ. ದೊಡ್ಡ, ಒಂದೇ ಕೈಯಲ್ಲಿರುವ ಮಾಲ್‌ಗಳು ಅದೇ ಊರಲ್ಲಿ ತುಂಬಿ ತುಳುಕುತ್ತಿವೆ. ಎರಡಕ್ಕೂ ಗಿರಾಕಿಗಳು ಅವರೇ, ಅವರ ಫೋನಿನಲ್ಲಿ ಇರುವ ಆ್ಯಪ್‌ಗಳೂ ಅವೇ.

ಮಲ್ಲೇಶ್ವರಂ_8ನೇ_ಕ್ರಾಸ್:

ಸರಿ ಸರಿ. ಅಮೆಜಾನ್‌ಗೆ ಅರ್ಧ ಶಿಕ್ಷೆ ಕಡಿಮೆ ಮಾಡ್ತೀನಿ. ಪೂರ್ತಿ ಬಿಡುಗಡೆ ಇಲ್ಲ.

ಕುಡ್ಲದವ:

ಮಂಗಳೂರಿನಲ್ಲಿ ನಮಗೆ ಸಿಟಿ ಸೆಂಟರ್, ಫಿಝಾ ಎರಡೂ ಹತ್ತಿರ ಹತ್ತಿರ. ಒಂದು ಇನ್ನೊಂದನ್ನು ತಿನ್ನುತ್ತದೆ ಅಂತ ಫಿಝಾ 2014ರಲ್ಲಿ ಬಂದಾಗ ಎಲ್ಲರೂ ಹೇಳಿದ್ದರು. ಎರಡೂ ಇನ್ನೂ ಇವೆ ಮಾರಾಯ್ರೆ. ಇಲ್ಲಿ ಮಳೆಗಾಲದಲ್ಲಿ ಹೋಗಲಿಕ್ಕೆ ಬೇರೆ ಜಾಗವೂ ಇಲ್ಲ, ಅದೂ ಒಂದು ಕಾರಣ ಇರಬಹುದು. ವ್ಯಾಲ್ಕೋ ಕೆಡವಿದ ಮೇಲೆ ಏನಾಯ್ತು? ಅದನ್ನು ಹೇಳಿ.

ಕ್ಯುಪರ್ಟಿನೋ_ಹಳಬ:

ಅದು ಮಾಲ್‌ಗಿಂತ ದೊಡ್ಡ ರಾಮಾಯಣ.

2015ರಲ್ಲಿ ಬಿಲ್ಡರ್ ಒಂದು ಯೋಜನೆ ತಂದರು. ಆರ್ಕಿಟೆಕ್ಟ್ ರಫಾಯೆಲ್ ವಿನ್ಯೋಲಿ. ಮನೆ, ಆಫೀಸು, ಅಂಗಡಿ ಎಲ್ಲದರ ಮೇಲೆ 30 ಎಕರೆಯ ಹಸಿರು ಚಾವಣಿ, ಅದರ ಮೇಲೆ ಜನ ನಡೆದಾಡುವ ಉದ್ಯಾನ. ಚಿತ್ರದಲ್ಲಿ ಬಹಳ ಚೆನ್ನಾಗಿತ್ತು. ಊರಿನ ಅರ್ಧ ಜನ ಸಿಟ್ಟಾದರು. ಟ್ರಾಫಿಕ್ ಜಾಸ್ತಿ ಆಗುತ್ತೆ, ಶಾಲೆಗಳು ತುಂಬಿ ಹೋಗುತ್ತವೆ, ಅಷ್ಟೆತ್ತರ ಬೇಡ. 280ರ ಆಚೆ, ಎಚ್‌ಪಿ ಕಂಪನಿಯ ಹಳೇ ಜಾಗದಲ್ಲಿ ಆಪಲ್ ಪಾರ್ಕ್ ಏಳುತ್ತಿತ್ತು ಬೇರೆ. ಆಫೀಸು ಸಾಕಪ್ಪಾ ಅನ್ನುವವರು ಬಹಳ ಇದ್ದರು.

2016ರ ನವೆಂಬರಿನಲ್ಲಿ ಎರಡು ಪ್ರಸ್ತಾವ ಮತಕ್ಕೆ ಬಂದವು. ಸಿ ಅಂದರೆ ಅಲ್ಲಿ ಅಂಗಡಿಯೇ ಇರಲಿ, ಮನೆ ಆಫೀಸು ಬೇಡ ಅನ್ನುವವರದು. ಡಿ ಅಂದರೆ ಬಿಲ್ಡರ್‌ನದು. ಜನ ಎರಡನ್ನೂ ಸೋಲಿಸಿದರು! ಇದೂ ಬೇಡ, ಅದೂ ಬೇಡ.

ಸನ್ನಿವೇಲ್_ಸೊಸೆ:

ಇದನ್ನು ಓದಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮನೆ ಇದ್ದವರಿಗೆ ಟ್ರಾಫಿಕ್ ಚಿಂತೆ. ಬಾಡಿಗೆಯಲ್ಲಿ ಇದ್ದ ನಮ್ಮಂಥವರು ಎಲ್ಲಿಗೆ ಹೋಗಬೇಕಿತ್ತು? ಶಾಲೆ ತುಂಬಿ ಹೋಗುತ್ತೆ ಅಂದರು. ಆಮೇಲೆ ಏನಾಯಿತು? ಮಕ್ಕಳ ಸಂಖ್ಯೆ ಇಳಿದು, 2022ರಲ್ಲಿ ಕ್ಯುಪರ್ಟಿನೋ ಯೂನಿಯನ್ ಶಾಲಾ ಡಿಸ್ಟ್ರಿಕ್ಟ್‌ನವರು ಶಾಲೆಗಳನ್ನೇ ಮುಚ್ಚಿದರು. ಸಣ್ಣ ಮಕ್ಕಳಿರುವವರು ಆ ಬೆಲೆಗೆ ಮನೆ ಕೊಳ್ಳುವುದು ಹೇಗೆ?

ಕ್ಯುಪರ್ಟಿನೋ_ಹಳಬ:

ತಂಗೀ, ನಾನು ಎರಡಕ್ಕೂ ಬೇಡ ಅಂತ ಮತ ಹಾಕಿದವನು. ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಡಿ ಯೋಜನೆಯಲ್ಲಿ ಆಫೀಸೇ ಜಾಸ್ತಿ ಇತ್ತು. ಅಷ್ಟು ಜನ ಕೆಲಸಕ್ಕೆ ಬಂದರೆ ಅವರಿಗೂ ಮನೆ ಬೇಕಲ್ಲ? ನಿನ್ನ ಬಾಡಿಗೆ ಇನ್ನೂ ಏರುತ್ತಿತ್ತು.

ಲೆಕ್ಕದ_ಮೇಷ್ಟ್ರು:

ಇಬ್ಬರ ಜಗಳದ ಹಿಂದೆ ಒಂದು ತೆರಿಗೆ ಕಥೆ ಇದೆ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಪ್ರೊಪೊಸಿಷನ್ 13 ಅನ್ನುವ ತೆರಿಗೆ ಕಾನೂನು ಬಂತು. ಆಸ್ತಿ ತೆರಿಗೆ ಸುಮಾರು ಶೇ. 1, ತೆರಿಗೆಗೆ ಲೆಕ್ಕ ಹಾಕುವ ಬೆಲೆ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಬಾರದು, ಮನೆ ಕೈ ಬದಲಾಗುವವರೆಗೆ. ಹಾಗಾಗಿ ನಗರಗಳಿಗೆ ಮನೆಗಳಿಂದ ಸಿಗುವುದು ಕಡಿಮೆ, ಖರ್ಚು ಜಾಸ್ತಿ. ಅಂಗಡಿಗಳಿಂದ ಮಾರಾಟ ತೆರಿಗೆ ಬರುತ್ತದೆ. ಅದಕ್ಕೇ ಪ್ರತಿಯೊಂದು ಊರಿಗೂ ತನ್ನದೇ ಮಾಲ್ ಉಳಿಸಿಕೊಳ್ಳಬೇಕಿತ್ತು. ಸನ್ನಿವೇಲ್‌ಗೆ ಒಂದು, ಕ್ಯುಪರ್ಟಿನೋಗೆ ಒಂದು, ಸ್ಯಾನ್ ಹೋಸೆಗೆ ಹಲವು. ಸತ್ತ ಮಾಲ್ ಜಾಗದಲ್ಲಿ ಮನೆ ಕಟ್ಟಲು ಮನಸ್ಸು ಬಾರದಿರುವುದಕ್ಕೂ ಇದು ಒಂದು ಕಾರಣ. ಸನ್ನಿವೇಲ್ ಟೌನ್ ಸೆಂಟರ್ ಕೆಡವಿ, ಅರ್ಧ ಕಟ್ಟಿದ ಅಸ್ಥಿಪಂಜರ ಎಷ್ಟು ವರ್ಷ ನಿಂತಿತ್ತು, ಇಲ್ಲಿರುವವರಿಗೆ ನೆನಪಿರಬೇಕು.

ಕ್ಯುಪರ್ಟಿನೋ_ಹಳಬ:

ಕುಡ್ಲದವರು ಕೇಳಿದ್ದಕ್ಕೆ ಉತ್ತರ ಮುಗಿಸುತ್ತೇನೆ. 2017ರಲ್ಲಿ ರಾಜ್ಯ ಎಸ್‌ಬಿ 35 ಅಂತ ಕಾನೂನು ಮಾಡಿತು. ಮನೆ ಕಟ್ಟುವ ಗುರಿ ಮುಟ್ಟದ ನಗರಗಳು, ನಿಯಮಕ್ಕೆ ಸರಿಯಾಗಿರುವ ಯೋಜನೆಗೆ ಒಪ್ಪಿಗೆ ಕೊಡಲೇಬೇಕು. ವಿಚಾರಣೆ, ಮತದಾನ ಏನೂ ಇಲ್ಲ. ಬಿಲ್ಡರ್ 2018ರ ಮಾರ್ಚ್‌ನಲ್ಲಿ ಅದರಡಿ ಅರ್ಜಿ ಹಾಕಿದರು: 2,402 ಮನೆ, ಅದರಲ್ಲಿ ಅರ್ಧ ಕಡಿಮೆ ಆದಾಯದವರಿಗೆ. ಸೆಪ್ಟೆಂಬರಿನಲ್ಲಿ ಒಪ್ಪಿಗೆ, ಅಕ್ಟೋಬರಿನಲ್ಲಿ ಕೆಡವುವ ಯಂತ್ರ ಬಂತು. ಎಎಂಸಿ ಆ ವರ್ಷವೇ ಮುಚ್ಚಿತ್ತು. ಊರಿನ ಒಂದು ಗುಂಪು ಕೋರ್ಟಿಗೆ ಹೋಯಿತು. 2020ರ ಮೇನಲ್ಲಿ ತೀರ್ಪು ಬಿಲ್ಡರ್ ಕಡೆಗೆ ಆಯಿತು. ಆಮೇಲೆ ಮಣ್ಣಿನಲ್ಲಿ ಹಳೇ ರಾಸಾಯನಿಕ ಸಿಕ್ಕಿತು ಅಂತ ಪರೀಕ್ಷೆ. ಈಗ ಯೋಜನೆಗೆ ದಿ ರೈಸ್ ಅಂತ ಹೆಸರು. 2024ರಲ್ಲಿ ಮತ್ತೆ ತಿದ್ದಿ 2,669 ಮನೆ ಅಂದರು, ಅದರಲ್ಲಿ ಕಡಿಮೆ ಆದಾಯದವರ ಪಾಲು ಇಳಿಯಿತು. ಅಲ್ಲಿಯವರೆಗೆ ಒಂದು ಮನೆಯೂ ಎದ್ದಿರಲಿಲ್ಲ.

ಪಕ್ಕದಲ್ಲೇ ಅದೇ ಬಿಲ್ಡರ್ ಕಟ್ಟಿದ ಮೇನ್ ಸ್ಟ್ರೀಟ್ ಇದೆ. ಹೋಟೆಲ್, ಊಟ, ಮೇಲೆ ಮನೆ, ನಡುವೆ ಹುಲ್ಲು. ಸಂಜೆ ಜನವೋ ಜನ. ಅಂದರೆ ಜಾಗದಲ್ಲಿ ದೋಷ ಇರಲಿಲ್ಲ.

ಹುಬ್ಬಳ್ಳಿ_ಹುಡುಗಿ:

ಎಲ್ಲಾ ಓದಿದ ಮ್ಯಾಲೆ ನನಗ ಹೆದರಿಕಿ ಹತ್ತೇದ. ನಮ್ಮ ಮಾವನವರು ಇಲ್ಲೇ ಒಂದು ಹೊಸಾ ಮಾಲ್‌ನಾಗ ಅಂಗಡಿ ಬುಕ್ ಮಾಡಾಕ ಹೊಂಟಾರ. ಅಶ್ಯೂರ್ಡ್ ರೆಂಟ್ ಅಂತ ಬ್ರೋಷರ್‌ನಾಗ ದಪ್ಪಕ್ಷರದಾಗ ಹಾಕ್ಯಾರ. ಮೇಷ್ಟ್ರ, ಏನೇನು ಕೇಳಬೇಕು?

ಲೆಕ್ಕದ_ಮೇಷ್ಟ್ರು:

ಮೊದಲು, ಬಿಲ್ಡರ್ ತಾನೇ ಎಷ್ಟು ಭಾಗ ಇಟ್ಟುಕೊಳ್ಳುತ್ತಾನೆ ಅಂತ ಕೇಳಿ. ಎಲ್ಲ ಮಾರುತ್ತಾನಾದರೆ ಅವನಿಗೆ ಮಾಲ್ ನಡೆಯಲೇಬೇಕು ಅಂತೇನೂ ಇಲ್ಲ. ಆ ಖಚಿತ ಬಾಡಿಗೆ ಎಷ್ಟು ವರ್ಷ, ಯಾರು ಕೊಡುತ್ತಾರೆ? ಎಷ್ಟೋ ಸಲ ನಿಮ್ಮದೇ ದುಡ್ಡನ್ನು ಬೆಲೆಯಲ್ಲಿ ಸೇರಿಸಿ ನಿಮಗೇ ಕಂತಿನಲ್ಲಿ ಕೊಡುತ್ತಾರೆ. ಸಿನಿಮಾದವರು, ದೊಡ್ಡ ಅಂಗಡಿಯವರು ಬಾಡಿಗೆ ಪತ್ರಕ್ಕೆ ಸಹಿ ಹಾಕಿದ್ದಾರಾ, ಇಲ್ಲಾ ಬರೀ ಮಾತುಕತೆಯಾ? ಆ ಪತ್ರ ತೋರಿಸಲಿ. ಎಸ್ಕಲೇಟರ್, ಲಿಫ್ಟ್, ಎಸಿ ಯಾರ ಹೆಸರಲ್ಲಿ ಇರುತ್ತೆ ಅನ್ನುವುದನ್ನು ಮಾತ್ರ ಬಿಡದೆ ಬರವಣಿಗೆಯಲ್ಲೇ ತೆಗೆದುಕೊಳ್ಳಿ.

ಹುಬ್ಬಳ್ಳಿ_ಹುಡುಗಿ:

ಇವತ್ತ ಮಾವನವರ ಜೊತಿ ಸೇಲ್ಸ್ ಆಫೀಸಿಗೆ ಹೋಗಿದ್ದೆ. ಬಾಡಿಗಿ ಪತ್ರ ತೋರಸ್ರಿ ಅಂದ್ವಿ. ಕಾಫಿ ತರಿಸಿದರು. ಎಸ್ಕಲೇಟರ್ ಯಾರದು ಅಂದ್ವಿ. ಇನ್ನೊಬ್ಬ ದೊಡ್ಡ ಸಾಹೇಬರನ್ನ ಕರಸಿದರು. ಅವರು ಪಾರ್ಕಿಂಗ್ ಫ್ರೀ ಅಂದ್ರು. ಬುಕಿಂಗ್ ಸದ್ಯಕ್ಕ ನಿಂತದ. ಮಾವನವರು ನನ್ನ ಮ್ಯಾಲೆ ಸಿಟ್ಟಾಗ್ಯಾರ, ಮನಿಗೆ ಬರೂತನಾ ಮಾತಾಡಿಲ್ಲ.